ಸಂಗೀತಶ್ರವಣ: ಅಂದು ಮತ್ತು ಇಂದು

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವವು ಅರಸರ ಹೆಸರುಗಳು, ಕಾಳಗಗಳ ವರುಷಗಳು. ಉದಗೀರವೆಂದರೆ ೧೭೬೦ರಲ್ಲಿ ಪೇಶವೆಯವರ ಸೈನ್ಯವು ನಿಜಾಮನನ್ನು ಸೋಲಿಸಿದ ಸ್ಥಳವೆಂದು ಅವರು ತಪ್ಪಿಲ್ಲದೆ ಪಾಠ ಒಪ್ಪಿಸಬಲ್ಲರು. ಆದರೆ ಆ ಕಾಲದಲ್ಲಿ ಉದಗೀರದ ಸುತ್ತಲಿನ ಹಳ್ಳಿಗಳ ಜನರು ಸಂಜೆಯ ಹೊತ್ತು ಏನನ್ನು ಹಾಡುತ್ತಿದ್ದರು, ಯಾರೊಡನೆ ಕುಳಿತು ಕೇಳುತ್ತಿದ್ದರು ಎಂಬುದನ್ನು ಪಠ್ಯಪುಸ್ತಕವು ಹೇಳುವುದಿಲ್ಲ. ಜನಜೀವನದ ಇತಿಹಾಸದಲ್ಲಿ ಇಂಥ ಪ್ರಶ್ನೆಗಳಿಗೂ ಸ್ಥಾನವುಂಟು. ಹಾಡನ್ನು ಕೇಳುವ ರೂಢಿಯು ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಹೇಗೆ ಬದಲಾಗುತ್ತ ಬಂದಿತು, ಹತ್ತು ಜನರ ಸೊತ್ತಾಗಿದ್ದ ಸಂಗೀತವು ಒಬ್ಬೊಬ್ಬರ ಸೊತ್ತಾದುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಯಥಾಶಕ್ತಿ ವಿವೇಚಿಸಬೇಕೆಂದು ಮಾಡಿದ್ದೇವೆ.

ಈ ವಿಚಾರವು ಕೇವಲ ಸಂಗೀತಪ್ರಿಯರಿಗೆ ಸಂಬಂಧಿಸಿದುದಲ್ಲ. ಗಡಿಯಲ್ಲಿರುವ ನಮಗೆ ಇದು ಭಾಷೆಯ ವಿಚಾರವೂ ಹೌದು. ಕಚೇರಿಯ ಹಲಗೆಯ ಮೇಲೆ, ಬಸ್ಸಿನ ಫಲಕದ ಮೇಲೆ ಕನ್ನಡವನ್ನು ಕಾಣದ ಊರಿನಲ್ಲಿ, ಅದು ಓಣಿಯಲ್ಲಿ ಕಿವಿಗೆ ಬೀಳುತ್ತಿದ್ದುದು ಮುಖ್ಯವಾಗಿ ಎರಡು ರೀತಿಯಲ್ಲಿ: ಒಂದು ಮಾತಾಗಿ, ಇನ್ನೊಂದು ಹಾಡಾಗಿ. ಅವುಗಳಲ್ಲಿ ಒಂದು ಮೌನವಾದರೆ ನಮ್ಮ ಮಕ್ಕಳ ಪಾಲಿಗೆ ಉಳಿಯುವುದೆಷ್ಟು ಎಂಬುದನ್ನು ಶಿಕ್ಷಕರಾದ ನಾವು ಯೋಚಿಸದೆ ಇರಲಾಗದು.

ನಮ್ಮ ಸೀಮೆಯ ಪರಿಚಯವನ್ನು ಎರಡು ಮಾತುಗಳಲ್ಲಿ ಹೇಳಿ ಮುಂದುವರಿಯುವೆವು. ಈ ಮೂರೂ ತಾಲೂಕುಗಳು ೧೯೪೮ರವರೆಗೆ ನಿಜಾಮನ ಹೈದರಾಬಾದ ಸಂಸ್ಥಾನದಲ್ಲಿದ್ದವು. ಉದಗೀರ ಮತ್ತು ನಿಲಂಗಾ ಬೀದರ ಜಿಲ್ಹೆಗೆ ಸೇರಿದ್ದವು; ಉಮರ್ಗಾವು ಉಸ್ಮಾನಾಬಾದ ಜಿಲ್ಹೆಯಲ್ಲಿದ್ದಿತು. ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಹೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಹೋಯಿತು. ಅದರ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ೧೯೮೨ರಲ್ಲಿ ಲಾತೂರ ಜಿಲ್ಹೆಯಾಗಿ ನಿಲಂಗಾ, ಉದಗೀರಗಳು ಅದರಲ್ಲಿ ಬಂದವು. ಉಸ್ಮಾನಾಬಾದಕ್ಕೆ ಈಗ ಧಾರಾಶಿವವೆಂದು ಹೆಸರು. ಇಷ್ಟೆಲ್ಲ ಗಡಿಗಳು ಬದಲಾದರೂ ಬೀಗತನ, ಜಾತ್ರೆ, ಸಂತೆಗಳು ಎರಡೂ ಕಡೆಗೆ ಹಿಂದಿನಂತೆಯೇ ನಡೆದುಕೊಂಡು ಬಂದಿವೆ.

ದುಡಿಮೆಯ ಹಾಡು

ಪ್ರಾಚೀನ ಕಾಲದ ಜನರ ಸಂಗೀತವನ್ನು ಕುರಿತು ನಮಗೆ ಸಿಗುವ ಒಂದು ಅಮೂಲ್ಯ ಉಲ್ಲೇಖವು ನಮ್ಮ ಮಗ್ಗುಲಲ್ಲಿಯೇ ಇದೆ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನು ತಿಳಿದಿರಬೇಕಾದ ನೂರು ವಿಷಯಗಳಲ್ಲಿ ಗೀತ, ವಾದ್ಯ, ನೃತ್ಯಗಳೂ ಸೇರಿವೆ. ಅಲ್ಲಿ ಅವನು ಆಸ್ಥಾನದ ಸಂಗೀತವನ್ನಷ್ಟೇ ಹೇಳಿ ಬಿಡದೆ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಓವಿಯನ್ನು ಹಾಡುವರೆಂಬ ಸಂಗತಿಯನ್ನೂ ಬರೆದಿದ್ದಾನೆ. ಒಂಬತ್ತು ನೂರು ವರುಷಗಳ ಹಿಂದೆ ಒಬ್ಬ ಚಕ್ರವರ್ತಿಯ ಗ್ರಂಥದಲ್ಲಿ ಒನಕೆ ಹಿಡಿದ ಹೆಂಗಸಿನ ಹಾಡು ಸ್ಥಾನ ಪಡೆಯಿತೆಂಬುದು ಸಣ್ಣ ಸಂಗತಿಯಲ್ಲ.

ಕನ್ನಡದ ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಯಲ್ಲಿವೆ. ಈ ತ್ರಿಪದಿಯೂ ಹೊಸತಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಸಾವಿರದ ಮುನ್ನೂರು ವರುಷಗಳ ಹಿಂದೆ, ಅದು ಕಲ್ಲಿನ ಮೇಲೆ ಕಾಣಿಸಿಕೊಂಡಿದೆ. ಮುಂದೆ ಸರ್ವಜ್ಞನು ಅದನ್ನೇ ತನ್ನ ಛಂದಸ್ಸಾಗಿ ಮಾಡಿಕೊಂಡನು. ಅತ್ತ ಜ್ಞಾನೇಶ್ವರರು ೧೨೯೦ರಲ್ಲಿ ತಮ್ಮ ಗೀತಾವ್ಯಾಖ್ಯಾನವನ್ನು ಓವಿಯಲ್ಲಿಯೇ ರಚಿಸಿದರು. ಎರಡು ಭಾಷೆಗಳ ಮಹಾಕವಿಗಳು ಬಳಸಿದ ಛಂದಸ್ಸುಗಳನ್ನೇ ಅಕ್ಷರವರಿಯದ ಹೆಂಗಸರು ಕಲ್ಲಿನ ಮುಂದೆ ಕುಳಿತು ನೂರಾರು ವರುಷ ಜೀವಂತವಾಗಿ ಇಟ್ಟರು. ನಮ್ಮ ಸೀಮೆಯಲ್ಲಿ ತವರು ಕನ್ನಡ, ಗಂಡನ ಮನೆ ಮರಾಠಿ ಆದ ಹೆಣ್ಣುಮಗಳು ಎರಡನ್ನೂ ಹಾಡಬಲ್ಲವಳಾಗಿದ್ದಳು.

ಬೀಸುವ ಪದದಂತೆಯೇ ಕಣದಲ್ಲಿ ಎತ್ತುಗಳನ್ನು ಹೂಡಿ ಜೋಳವನ್ನು ತುಳಿಸುವಾಗ ಹಾಡುವ ಹಂತಿಯ ಪದಗಳಿದ್ದವು. ಲಗ್ನದಲ್ಲಿ ಸೋಬಾನದ ಪದಗಳು, ತೊಟ್ಟಿಲಿಗೆ ಜೋಗುಳಗಳಿದ್ದವು. ಇವುಗಳ ಒಂದು ಲಕ್ಷಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ವಿಭಾಗವೇ ಇರಲಿಲ್ಲ. ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಎದುರಿಗೆ ಕುಳಿತವಳು ಮುಗಿಸುತ್ತಿದ್ದಳು. ಮೆಚ್ಚುಗೆಯ ಚಪ್ಪಾಳೆಯೂ ಇರಲಿಲ್ಲ, ತಪ್ಪೆಂದು ನಗುವವರೂ ಇರಲಿಲ್ಲ. ಕೆಲಸವು ಹಗುರಾಗಬೇಕು, ಮನಸ್ಸಿನ ಭಾರ ಇಳಿಯಬೇಕು. ಹಾಡಿನ ಪ್ರಯೋಜನ ಇಷ್ಟೇ.

ಹೀಗೆಂದು ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ಬೇಕಾಗುವಷ್ಟು ಜೋಳವನ್ನು ಬೀಸುವುದು ಮೈಮುರಿಯುವ ದುಡಿಮೆ. ಹಿಟ್ಟಿನ ಗಿರಣಿಯು ಊರಿಗೆ ಬಂದಾಗ ಹೆಂಗಸರು ಹರ್ಷಪಟ್ಟುದು ಸಹಜವಾಗಿಯೇ ಇದೆ. ಆದರೆ ಗಿರಣಿಯು ಬೀಸುವ ಕಷ್ಟವನ್ನು ಒಯ್ಯುವಾಗ ಅದರೊಡನೆ ಬೀಸುವ ಪದವನ್ನೂ ಒಯ್ದಿತು. ನಾವು ಒಮ್ಮೆ ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜಿಯನ್ನು ಹಾಡೊಂದನ್ನು ಹೇಳಿರೆಂದು ಕೇಳಿದಾಗ ಆ ತಾಯಿ, "ಕಲ್ಲಿನ ಮುಂದ ಕುಂತರ ಹಾಡು ತಾನ ಬರ್ತಾವ್ರಿ ಮಾಸ್ತರ, ಸುಮ್ಮ ಕುಂತರ ಎಲ್ಲಿಂದ ಬರಬೇಕು?" ಎಂದರು. ಹಾಡಿಗೂ ದುಡಿಮೆಗೂ ಇದ್ದ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಪುಣ್ಯವಶಾತ್ ಕೆಲವರು ಎಚ್ಚತ್ತರು. ಭೀಮಾ ತೀರದ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಪದಗಳನ್ನು ಸಂಗ್ರಹಿಸಿದರು. ಅವು ೧೯೩೧ರಲ್ಲಿ 'ಗರತಿಯ ಹಾಡು' ಎಂದು ಪುಸ್ತಕರೂಪದಲ್ಲಿ ಹೊರಬಂದವು. ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತ್ವಾಂ ಎಂಬ ವಿದ್ವಾಂಸರ ನೇತೃತ್ವದಲ್ಲಿ ಬೀಸುವ ಕಲ್ಲಿನ ಓವಿಗಳು ಒಂದು ಲಕ್ಷಕ್ಕೂ ಮಿಕ್ಕಿ ಸಂಗ್ರಹವಾಗಿವೆ.

ಕೂಟದ ಹಾಡು

ದುಡಿಮೆಯ ಹಾಡಿನ ಬಳಿಕ ಹೇಳಬೇಕಾದುದು ಕೂಟದ ಹಾಡನ್ನು. ಮಠದಲ್ಲಿ, ಹನುಮಂತದೇವರ ಗುಡಿಯಲ್ಲಿ ಪೇಟಿ, ತಾಳ, ದಮ್ಮಡಿಗಳೊಡನೆ ನಡೆಯುವ ಭಜನೆ. ಏಕತಾರಿ ಹಿಡಿದು ಹಾಡುವ ತತ್ವಪದ. ವಾರಕರಿಗಳ ಕೀರ್ತನ, ಸಪ್ತಾಹ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವ ಪದಗಳು. ತುಳಜಾಪುರದ ಅಂಬಾಭವಾನಿಯ ಹೆಸರಿನಲ್ಲಿ ಗೋಂಧಳಿಗರ ಸಂಬಳ ವಾದ್ಯ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡಿ ಅರ್ಥ ಹೇಳುವ ಪರಂಪರೆಯು ಕಲಬುರಗಿಯ ಸೀಮೆಯಲ್ಲಿ ಬೆಳೆದು ಬಂದಿತು. ಜಾತಿ, ಮತ, ಭಾಷೆಗಳ ಭೇದವನ್ನು ದಾಟಿ ಈ ಹಾಡುಗಳು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದವು.

ಇದಕ್ಕೆ ಉಜ್ವಲ ದೃಷ್ಟಾಂತವೆಂದರೆ ಹುಮನಾಬಾದಿನ ಸಮೀಪದ ಮಾಣಿಕನಗರ. ಮಾಣಿಕಪ್ರಭುಗಳು (೧೮೧೭–೧೮೬೫) ಸಕಲ ಮತಗಳನ್ನೂ ಆದರಿಸಿದ ಸಂತರು. ಅವರು ಮರಾಠಿ, ಕನ್ನಡ, ಹಿಂದುಸ್ತಾನಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ದತ್ತಜಯಂತಿಯ ಉತ್ಸವದಲ್ಲಿ ಅಲ್ಲಿ ನೆರೆಯುವ ದರಬಾರದಲ್ಲಿ ಹೆಸರಾಂತ ಗಾಯಕ ವಾದಕರು ಬಂದು ಸೇವೆ ಸಲ್ಲಿಸುವ ಪರಿಪಾಠವು ಇಂದಿಗೂ ನಡೆದಿದೆ. ರಾಗದ ಹೆಸರನ್ನು ಕೇಳಿ ಅರಿಯದ ಒಕ್ಕಲಿಗನೂ ಪಂಡಿತನೂ ಒಂದೇ ಜಮಖಾನೆಯ ಮೇಲೆ ಕುಳಿತು ಒಂದೇ ಸ್ವರಕ್ಕೆ ತಲೆದೂಗುವ ಸಂದರ್ಭವನ್ನು ಇಂಥ ಕ್ಷೇತ್ರಗಳು ಒದಗಿಸಿದವು.

ಆದರೆ ಎಲ್ಲ ಕೂಟಗಳೂ ಹೀಗೆ ಇರಲಿಲ್ಲವೆಂಬ ಸತ್ಯವನ್ನೂ ಹೇಳಬೇಕು. ಹಲಗೆ ಬಾರಿಸುವವನಿಲ್ಲದೆ ಊರ ಜಾತ್ರೆ ಸಾಗದು. ಆದರೂ ಅವನಿಗೆ ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಲಾವಣಿ, ತಮಾಷೆಗಳ ಫಡದ ಬಳಿ ಮನೆತನಸ್ಥ ಹೆಂಗಸರು ಸುಳಿಯುವಂತಿರಲಿಲ್ಲ. ಹಾಡಿ ಜನರನ್ನು ರಂಜಿಸಿದ ಹೆಣ್ಣಿಗೆ ಅದೇ ಜನರು ಗೌರವ ಕೊಡುತ್ತಿರಲಿಲ್ಲ. 'ಸಾಮಾಜಿಕ' ಸಂಗೀತವೆಂದಾಗ ಆ ಸಮಾಜದಲ್ಲಿ ಯಾರು ಎಲ್ಲಿ ಕುಳಿತಿದ್ದರು, ಯಾರು ಹೊರಗೆ ನಿಂತಿದ್ದರು ಎಂಬುದನ್ನು ಕೇಳದೆ ಬಿಡಲಾಗದು.

ಕೂಡಿ ಹಾಡುವುದಕ್ಕಿದ್ದ ಶಕ್ತಿಯನ್ನು ಆಳುವವರು ಚೆನ್ನಾಗಿ ಬಲ್ಲರು. ೧೯೩೮ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಸತಿಗೃಹದಲ್ಲಿ 'ವಂದೇ ಮಾತರಂ' ಹಾಡಿದುದಕ್ಕಾಗಿ ಅವರನ್ನು ವಿದ್ಯಾಲಯದಿಂದ ಹೊರಗೆ ಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಅದೇ ಹಾಡನ್ನು ಒಬ್ಬನು ಮನಸ್ಸಿನಲ್ಲಿ ಗುನುಗಿದ್ದರೆ ಸರಕಾರಕ್ಕೆ ಅದರ ಚಿಂತೆ ಇರುತ್ತಿರಲಿಲ್ಲ. ಅದಕ್ಕೂ ಮೊದಲು ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರು ತಮ್ಮ ನಾಡಗೀತವನ್ನು ಹಾಡಿದರು. ಮುಂದೆ ಏಕೀಕರಣದ ಸಭೆಗಳಲ್ಲಿ ಸಾವಿರಾರು ಕಂಠಗಳು ಅದನ್ನು ಹಾಡಿದವು.

ಪೆಟ್ಟಿಗೆಯ ಹಾಡು

೧೮೭೭ರಲ್ಲಿ ಅಮೇರಿಕೆಯ ಎಡಿಸನ್ನನು ಧ್ವನಿಯನ್ನು ಮುದ್ರಿಸಿ ಮರಳಿ ನುಡಿಸುವ ಯಂತ್ರವನ್ನು ನಿರ್ಮಿಸಿದನು. ಅಲ್ಲಿಯವರೆಗೆ ಹಾಡು ಕೇಳಬೇಕಾದರೆ ಹಾಡುವವರ ಬಳಿಗೆ ಹೋಗಬೇಕಿತ್ತು, ಇಲ್ಲವೆ ತಾನೇ ಹಾಡಿಕೊಳ್ಳಬೇಕಿತ್ತು. ಇನ್ನು ಮೇಲೆ ಹಾಡುವವರು ಎದುರಿಗೆ ಇರಬೇಕಾದ ಕಾರಣವಿಲ್ಲವಾಯಿತು. ೧೯೦೨ರಲ್ಲಿ ಗ್ರಾಮೊಫೋನ ಕಂಪನಿಯ ಗೈಸಬರ್ಗನು ಕಲಕತ್ತೆಗೆ ಬಂದು ಗೌಹರಜಾನರ ಹಾಡುಗಳನ್ನು ಮುದ್ರಿಸಿಕೊಂಡನು. ಪ್ಲೇಟುಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈ ಗೌಹರಜಾನರು ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಪ್ಲೇಟಿನ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ರಾತ್ರಿಯೆಲ್ಲ ಹಾಡುತ್ತಿದ್ದವರು ಮೂರು ನಿಮಿಷದಲ್ಲಿ ರಾಗದ ಸಾರವನ್ನು ಹಿಂಡಿ ಕೊಡಬೇಕಾಯಿತು. ಆದರೂ ಕೇಳುವಿಕೆಯು ಇನ್ನೂ ಏಕಾಂತಕ್ಕೆ ಸರಿಯಲಿಲ್ಲ. ಪೆಟ್ಟಿಗೆಯ ಬೆಲೆ ಹೆಚ್ಚು. ಊರಿಗೊಂದು, ಅದೂ ಸಿರಿವಂತರ ಪಡಸಾಲೆಯಲ್ಲಿ, ಅಥವಾ ಪೇಟೆಯ ಅಂಗಡಿಯಲ್ಲಿ ಇರುತ್ತಿದ್ದಿತು. ಅದರ ಸುತ್ತ ಜನರು ಗುಂಪುಗೂಡುತ್ತಿದ್ದರು. ಧಾರವಾಡದಲ್ಲಿ ಬಾಲಿಕೆಯಾಗಿದ್ದ ಗಂಗೂಬಾಯಿ ಹಾನಗಲ್ಲರು ಬೀದಿಯಲ್ಲಿ ಗ್ರಾಮೊಫೋನಿನ ಧ್ವನಿ ಕೇಳಿದೊಡನೆ ಹೊರಗೆ ಓಡುತ್ತಿದ್ದರು. ಗದುಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ ಕರೀಮಖಾನರ ಪ್ಲೇಟನ್ನು ಕೇಳಿ ಮರುಳಾಗಿ, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ೨೦೦೮ರಲ್ಲಿ ಅವರಿಗೆ 'ಭಾರತರತ್ನ' ಘೋಷಣೆಯಾಯಿತು. ಪ್ಲೇಟನ್ನು ಕೊಳ್ಳಲಾರದ ಮಕ್ಕಳಿಗೆ ಅದನ್ನು ಕೇಳಿಸಿದುದು ಬೀದಿ. ಆ ಹಾಡು ಅಂದು ಒಬ್ಬರ ಕಿವಿಯಲ್ಲಿ ಮಾತ್ರ ನುಡಿದಿದ್ದರೆ ದಾರಿಯಲ್ಲಿ ಹೋಗುತ್ತಿದ್ದ ಹುಡುಗನಿಗೆ ಅದು ಹೇಗೆ ತಲುಪುತ್ತಿತ್ತು ಎಂಬುದು ಯೋಚಿಸತಕ್ಕ ಮಾತು.

ಬಾನುಲಿಯ ಕಾಲ

ಗ್ರಾಮೊಫೋನಿನ ಬಳಿಕ ಬಂದುದು ರೇಡಿಯೋ. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಖಾಸಗಿ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ನಮ್ಮ ಸೀಮೆಯು ಆಗ ನಿಜಾಮನ ಹೈದರಾಬಾದ ನಿಲಯದ ವ್ಯಾಪ್ತಿಯಲ್ಲಿದ್ದಿತು. ಆ ನಿಲಯವು ೧೯೫೦ರಲ್ಲಿ ಭಾರತದ ಆಕಾಶವಾಣಿಯಲ್ಲಿ ಸೇರಿತು. ಅದೇ ವರುಷ ಜನವರಿ ೮ರಂದು ಧಾರವಾಡದ ನಿಲಯವು ಆರಂಭವಾಯಿತು. ೧೯೬೬ರಲ್ಲಿ ಕಲಬುರಗಿಯಲ್ಲಿ ನಿಲಯವಾಯಿತು. ೧೯೫೬ರಲ್ಲಿ ಗಡಿಯ ಈಚೆಗೆ ಉಳಿದ ಕನ್ನಡಿಗರಿಗೆ ಇದರ ಮಹತ್ವವು ವಿಶೇಷವಾದುದು. ನೆಲದ ಮೇಲಿನ ಗಡಿಯು ಬಾನಿನ ಅಲೆಗಳನ್ನು ತಡೆಯಲಾರದು. ರಾಜ್ಯವು ಬೇರೆಯಾದರೂ ಕನ್ನಡದ ವಾರ್ತೆ, ವಚನಗಾಯನ, ಜಾನಪದ ಗೀತಗಳು ಮನೆಯೊಳಗೆ ಬಂದವು.

ಆರಂಭದಲ್ಲಿ ರೇಡಿಯೋ ಸಹ ಊರಿನ ಸೊತ್ತೇ ಆಗಿದ್ದಿತು. ಅದನ್ನು ಇಟ್ಟುಕೊಳ್ಳಲು ವರುಷ ವರುಷವೂ ಅಂಚೆ ಕಚೇರಿಯಲ್ಲಿ ಲೈಸನ್ಸಿನ ಹಣ ಕಟ್ಟಬೇಕಾಗುತ್ತಿದ್ದಿತು. ಬಡವರ ಪಾಲಿಗೆ ಗ್ರಾಮಪಂಚಾಯತಿಯ ರೇಡಿಯೋವೇ ಗತಿ. ೧೯೫೬ರಲ್ಲಿ ಪುಣೆಯ ನಿಲಯವು ಯುನೆಸ್ಕೋದ ನೆರವಿನಿಂದ ಸುಮಾರು ೧೫೦ ಹಳ್ಳಿಗಳಲ್ಲಿ ರೈತರ ಶ್ರವಣಕೂಟಗಳನ್ನು ನಡೆಯಿಸಿತು. ಜನರು ಕೂಡಿ ಕೇಳುವರು, ಕೇಳಿದ ಮೇಲೆ ಚರ್ಚಿಸುವರು. ಮುಂದೆ ಈ ಪದ್ಧತಿಯನ್ನು ದೇಶದಲ್ಲೆಲ್ಲ ಹಬ್ಬಿಸಲು ಸರಕಾರವು ಯತ್ನಿಸಿತು.

ಆದರೆ ಒಂದು ಹೊಸ ಅಂಶವು ಇದರೊಳಗೆ ಹೊಕ್ಕಿತು. ಹಾಡನ್ನು ಆಯುವವರು ಇನ್ನು ಊರವರಾಗಿರಲಿಲ್ಲ. ೧೯೪೦ರಿಂದ ಮೂರು ದಶಕಗಳ ಕಾಲ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ನಿಷೇಧಿಸಿದ್ದಿತು. ಇಲ್ಲಿ ನೋಡಿದರೆ ಪೇಟಿಯಿಲ್ಲದೆ ಭಜನೆಯೇ ಇಲ್ಲ. ೧೯೫೨ರಲ್ಲಿ ಮಂತ್ರಿಗಳಾದ ಕೇಸಕರರು ಚಲಚ್ಚಿತ್ರಗೀತಗಳನ್ನು ದೂರವಿರಿಸಲು ಯತ್ನಿಸಿದಾಗ ಜನರು ಮುಳ್ಳನ್ನು ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದರು. ೧೯೫೭ರಲ್ಲಿ 'ವಿವಿಧ ಭಾರತಿ'ಯು ಆರಂಭವಾದುದು ಈ ಕಾರಣದಿಂದಲೇ. ಮುಳ್ಳನ್ನು ತಿರುಗಿಸುವ ಕೈಯಲ್ಲಿ ವೈಯಕ್ತಿಕ ಆಯ್ಕೆಯ ಬೀಜವಿದ್ದಿತು. ಇಷ್ಟಾದರೂ ಕಾರ್ಡು ಬರೆದು ಹಾಡನ್ನು ಕೋರುವವರು ತಮ್ಮ ಹೆಸರಿನೊಡನೆ ಮನೆಯವರೆಲ್ಲರ ಹೆಸರನ್ನೂ ಬರೆಯುತ್ತಿದ್ದರು. ಕಾಣದ ಸಾವಿರಾರು ಜನರೊಡನೆ ಒಂದೇ ಹಾಡನ್ನು ಒಂದೇ ಗಳಿಗೆಯಲ್ಲಿ ಕೇಳುತ್ತಿದ್ದೇವೆಂಬ ಭಾವವು ಆಗ ಇದ್ದಿತು.

೧೯೪೭ರಲ್ಲಿ ಅಮೇರಿಕೆಯಲ್ಲಿ ಟ್ರಾನ್ಸಿಸ್ಟರಿನ ಶೋಧವಾಯಿತು. ೧೯೫೪ರಲ್ಲಿ ಅಂಗೈಯಗಲದ ರೇಡಿಯೋ ಮಾರುಕಟ್ಟೆಗೆ ಬಂದಿತು. ವಿದ್ಯುತ್ತು ಬಾರದ ನಮ್ಮ ಹಳ್ಳಿಗಳಿಗೆ ಟ್ರಾನ್ಸಿಸ್ಟರು ವರವಾಯಿತು. ರೇಡಿಯೋ ಚಾವಡಿಯಿಂದ ಮನೆಗೆ, ಮನೆಯಿಂದ ಹೆಗಲಿಗೆ, ಹೆಗಲಿನಿಂದ ಹೊಲದ ಬದುವಿಗೆ ಬಂದಿತು. ಅಷ್ಟೇ ಅಲ್ಲ, ಫಡದ ಬಳಿ ಹೋಗಲಾರದ ಹೆಂಗಸು ಒಲೆಯ ಮುಂದೆ ಕುಳಿತೇ ಲಾವಣಿಯನ್ನು ಕೇಳಿದಳು. ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವನು ತನ್ನ ಗುಡಿಸಲಿನಲ್ಲಿ ಭಕ್ತಿಗೀತವನ್ನು ಕೇಳಿದನು. ಇದು ಈ ಬದಲಾವಣೆಯ ಬಹುದೊಡ್ಡ ಲಾಭ.

ಕ್ಯಾಸೆಟ್ಟಿನಿಂದ ಕಿವಿಯವರೆಗೆ

೧೯೬೩ರಲ್ಲಿ ಫಿಲಿಪ್ಸ ಕಂಪನಿಯು ಕ್ಯಾಸೆಟ್ಟನ್ನು ಹೊರತಂದಿತು. ನಮ್ಮಲ್ಲಿ ಅದರ ಪ್ರಸಾರವು ಎಂಬತ್ತರ ದಶಕದಲ್ಲಿ ಹೆಚ್ಚಿತು. ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ ಅಹಮದರ ಕವಿತೆಗಳ 'ನಿತ್ಯೋತ್ಸವ'ವು ಕನ್ನಡ ಭಾವಗೀತಗಳ ಮೊದಲ ಕ್ಯಾಸೆಟ್ಟಾಗಿ ಬಂದಿತು. ಕ್ಯಾಸೆಟ್ಟಿನ ಗುಣ ಎರಡು ಬಗೆಯದು. ದೊಡ್ಡ ಕಂಪನಿಗಳು ಕೇಳದ ಸಣ್ಣ ಊರಿನ ಹಾಡುಗಾರನ ಧ್ವನಿಯನ್ನೂ ಅದು ಅಲ್ಪ ಖರ್ಚಿನಲ್ಲಿ ಹಿಡಿದಿಟ್ಟಿತು. 'ಇದನ್ನು ಕೇಳಿ ಕೊಡು' ಎಂದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ, ಪ್ರತಿ ಮಾಡಿಕೊಳ್ಳುವ ರೂಢಿಯೂ ಬೆಳೆಯಿತು. ಅದೇ ಕಾಲಕ್ಕೆ ಮದುವೆಯ ಮಂಟಪದಲ್ಲಿ ಸೋಬಾನ ಹೇಳುವ ಮುತ್ತೈದೆಯರ ಸ್ಥಾನವನ್ನು ಧ್ವನಿವರ್ಧಕವು ಆಕ್ರಮಿಸಿತು.

೧೯೭೯ರಲ್ಲಿ ಜಪಾನಿನ ಸೋನಿ ಕಂಪನಿಯು ನಡೆಯುತ್ತಲೇ ಕಿವಿಗೆ ಹಚ್ಚಿ ಕೇಳುವ 'ವಾಕಮನ್' ಯಂತ್ರವನ್ನು ಮಾರಾಟಕ್ಕೆ ತಂದಿತು. ಇದರ ಇತಿಹಾಸದಲ್ಲಿ ಒಂದು ಕುತೂಹಲದ ಸಂಗತಿಯುಂಟು. ಒಬ್ಬನೇ ಕೇಳುವುದು ಜೊತೆಯಲ್ಲಿರುವವರಿಗೆ ಅಸಭ್ಯವೆನಿಸೀತೆಂದು ಕಂಪನಿಯ ಮುಖ್ಯಸ್ಥರಾದ ಮೊರಿಟಾರವರು ಶಂಕಿಸಿದರು. ಆದುದರಿಂದ ಮೊದಲ ಯಂತ್ರದಲ್ಲಿ ಇಬ್ಬರು ಕೂಡಿ ಕೇಳಲು ಎರಡು ತೂತುಗಳನ್ನೂ, ಕೇಳುತ್ತಿರುವಾಗ ಪರಸ್ಪರ ಮಾತಾಡಲು ಒಂದು ಗುಂಡಿಯನ್ನೂ ಇಡಲಾಗಿತ್ತು. ಜನರಿಗೆ ಅದು ಬೇಕೆನಿಸಲಿಲ್ಲ. ಮುಂದಿನ ಯಂತ್ರಗಳಲ್ಲಿ ಎರಡನೆಯ ತೂತು ಇಲ್ಲದಾಯಿತು. ಯಂತ್ರವನ್ನು ಮಾಡಿದವನೇ ಅಂಜಿದ್ದ ಏಕಾಂತವನ್ನು ಜನರು ತಾವಾಗಿ ಆರಿಸಿಕೊಂಡರು.

ಯಂತ್ರವೊಂದನ್ನೇ ದೂಷಿಸುವುದು ನ್ಯಾಯವಲ್ಲ. ಊರಿನ ರಚನೆಯೂ ಬದಲಾಯಿತು. ೧೯೯೩ರ ಸಪ್ಟೆಂಬರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯನ್ನು ಮುಗಿಸಿ ದಣಿದು ಮಲಗಿದ್ದ ಜನರ ಮೇಲೆ ೩೦ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪವು ಎರಗಿತು. ಔಸಾ, ಉಮರ್ಗಾ ತಾಲೂಕುಗಳಲ್ಲಿ ಸಾವಿರಾರು ಜನರು ಕಲ್ಲುಮಣ್ಣಿನ ಮನೆಗಳ ಅಡಿಯಲ್ಲಿ ಮಡಿದರು. ಅವರೊಡನೆ ಹೋದ ಹಾಡುಗಳ ಲೆಕ್ಕವನ್ನು ಇಟ್ಟವರಿಲ್ಲ. ಹೆಚ್ಚು ಹಾಳಾದ ೫೨ ಗ್ರಾಮಗಳನ್ನು ಬೇರೆಡೆಯಲ್ಲಿ ಹೊಸದಾಗಿ ಕಟ್ಟಲಾಯಿತು. ಹೊಸ ಊರುಗಳಲ್ಲಿ ಅಗಲವಾದ ನೇರ ಬೀದಿಗಳಿವೆ, ಮನೆ ಮನೆಗಳ ನಡುವೆ ಅಂತರವಿದೆ. ಜೀವದ ರಕ್ಷಣೆಗೆ ಇದು ಅವಶ್ಯವೂ ಆಗಿದ್ದಿತು. ಆದರೆ ಹಳೆಯ ಇಕ್ಕಟ್ಟಿನ ಓಣಿಯಲ್ಲಿ ಒಂದು ಮನೆಯ ಹಾಡು ಹತ್ತು ಮನೆಗೆ ಕೇಳುತ್ತಿದ್ದ ಅನುಕೂಲವು ಅಲ್ಲಿ ಇಲ್ಲ.

ಹೊಸ ಶತಮಾನದಲ್ಲಿ ಮೊಬೈಲು ಬಂದಿತು. ಮೊದಮೊದಲು ಪೇಟೆಯ ಅಂಗಡಿಗೆ ಹೋಗಿ ಹಣ ಕೊಟ್ಟು ಉಗುರಿನಷ್ಟು ಮೆಮರಿ ಕಾರ್ಡಿನಲ್ಲಿ ನೂರಾರು ಹಾಡುಗಳನ್ನು ತುಂಬಿಸಿಕೊಂಡು ಬರುತ್ತಿದ್ದರು. ಗೆಳೆಯರು ಒಬ್ಬರ ಮೊಬೈಲಿನಿಂದ ಇನ್ನೊಬ್ಬರಿಗೆ ಕಳುಹಿಸಿಕೊಳ್ಳುತ್ತಿದ್ದರು. ೨೦೧೬ರ ಬಳಿಕ ಅಂತರಜಾಲದ ದರವು ತೀರ ಇಳಿದುದರಿಂದ ಕೂಡಿಡುವ ಕಾರಣವೂ ಉಳಿಯಲಿಲ್ಲ. ಬೇಕಾದ ಹಾಡು ಬೇಕಾದಾಗ ದೊರೆಯುವುದು; ಒಂದನ್ನು ಕೇಳಿದರೆ ಮುಂದಿನದನ್ನು ಯಂತ್ರವೇ ಆಯ್ದು ಕೊಡುವುದು. ಇಂದು ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಒಂದೇ ಬಾಕಿನ ಮೇಲೆ ಕುಳಿತ ಮೂವರು ಮೂರು ಹಾಡುಗಳನ್ನು ಕೇಳುತ್ತಿರಬಹುದು. ಮಗ್ಗುಲಲ್ಲಿ ಕುಳಿತವನ ಹಾಡು ಕನ್ನಡವೋ ಮರಾಠಿಯೋ ಹಿಂದಿಯೋ ಎಂಬುದು ತಿಳಿಯುವಂತಿಲ್ಲ.

ಲಾಭ ಮತ್ತು ಹಾನಿ

ಇಷ್ಟು ಇತಿಹಾಸವನ್ನು ನೋಡಿದ ಮೇಲೆ ಲಾಭ ಹಾನಿಗಳನ್ನು ತೂಗಿ ನೋಡಬೇಕಾಗಿದೆ. ಲಾಭವು ಅಲ್ಪವಲ್ಲ. ಗಡಿಯ ಕನ್ನಡ ಬಾಲಕನು ಇಂದು ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಯಾರ ಅಪ್ಪಣೆಯನ್ನೂ ಬೇಡದೆ ಕೇಳಬಲ್ಲನು. ಜಾತಿ ನೋಡಿ ಕೂರಿಸುವ ಪಡಸಾಲೆಯ ಗೊಡವೆ ಅವನಿಗಿಲ್ಲ. ಹೆಣ್ಣುಮಕ್ಕಳು ತಮಗೆ ಬೇಕಾದುದನ್ನು ಕೇಳಬಲ್ಲರು. ದುಃಖದ ಗಳಿಗೆಯಲ್ಲಿ ಹಾಡೊಂದನ್ನು ಒಬ್ಬಂಟಿಯಾಗಿ ಕೇಳುವ ಸಮಾಧಾನವೂ ಮನುಷ್ಯನಿಗೆ ಬೇಕು.

ಹಾನಿಯು ಬೇರೆಡೆಯಲ್ಲಿದೆ. ಕಡಿಮೆಯಾದುದು ಕೇಳುವಿಕೆಯಲ್ಲ, ಹಿಂದೆಂದಿಗಿಂತ ಹೆಚ್ಚು ಸಂಗೀತವನ್ನು ನಾವು ಇಂದು ಕೇಳುತ್ತೇವೆ. ಕಡಿಮೆಯಾದುದು ಹಾಡುವಿಕೆ. ಕೇಳುವವರು ಹೆಚ್ಚಿದಂತೆ ಹಾಡುವವರು ಇಳಿದರು. ತರಗತಿಯಲ್ಲಿ ಹಾಡೆಂದರೆ ನಾಚುವ ಮಕ್ಕಳು, ಹಾಡನ್ನು ಬಲ್ಲೆವೆಂದು ಮೊಬೈಲನ್ನು ತೋರಿಸುವರು. ಎರಡನೆಯದಾಗಿ, ಕಲಿಯುವ ಉದ್ದೇಶವಿಲ್ಲದೆಯೂ ಕಿವಿಗೆ ಬಿದ್ದು ಕಲಿತು ಹೋಗುವ ಹಾಡು ಇಂದು ಇಲ್ಲವಾಗಿದೆ. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಕೂಸು ಬೀಸುವ ಪದದೊಡನೆ ಕನ್ನಡದ ನೂರಾರು ಶಬ್ದಗಳನ್ನು ಕಲಿಯುತ್ತಿದ್ದಿತು. ಅಜ್ಜಿ ಮತ್ತು ಮೊಮ್ಮಗ ಬೇರೆ ಬೇರೆ ಹಾಡುಗಳನ್ನು ಕೇಳುವ ಮನೆಯಲ್ಲಿ ಈ ಪಾಠವು ನಡೆಯುವುದಿಲ್ಲ. ಕನ್ನಡದ ಪುಸ್ತಕವನ್ನು ಶಾಲೆಯಲ್ಲಿ ಮಾತ್ರ ಕಾಣುವ ನಮ್ಮ ಮಕ್ಕಳಿಗೆ ಈ ನಷ್ಟವು ಬೆಂಗಳೂರಿನ ಮಕ್ಕಳಿಗಿಂತ ಹೆಚ್ಚಿನದು.

ಕೆಲವರು, ಕೂಟದ ಸಂಗೀತವು ಎಲ್ಲಿ ಹೋಯಿತು, ಮೆರವಣಿಗೆಗಳಲ್ಲಿ ಡಿ.ಜೆ. ಇದೆಯಲ್ಲ ಎನ್ನುವರು. ಗುಂಪು ಇದ್ದ ಮಾತ್ರಕ್ಕೆ ಅದು ಕೂಟವಾಗದು. ಭಜನೆಯಲ್ಲಿ ಒಬ್ಬನು ನುಡಿದರೆ ಹತ್ತು ಜನರು ಮರುನುಡಿಯುವರು, ಡಿ.ಜೆ.ಗೆ ಮರುನುಡಿಯುವವರಿಲ್ಲ, ಮಗ್ಗುಲಿನವನ ಮಾತೂ ಕೇಳಿಸದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ ನಿಯಮಗಳನ್ನು ಸರಕಾರವು ೨೦೦೦ದಲ್ಲಿ ಮಾಡಬೇಕಾಗಿ ಬಂದಿತು. ರಾತ್ರಿಯೆಲ್ಲ ನಡೆಯುತ್ತಿದ್ದ ಹಂತಿಯ ಪದಕ್ಕೆ ಇಂಥ ನಿಯಮದ ಅವಶ್ಯಕತೆ ಬಿದ್ದಿರಲಿಲ್ಲ.

ಕಳೆದ ಕಾಲವನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಬೀಸುವ ಕಲ್ಲನ್ನು ಮತ್ತೆ ನಮ್ಮ ತಾಯಂದಿರ ಮುಂದೆ ಇಡಲು ಯಾರು ಬಯಸುವರು? ಆದರೆ ಶಾಲೆಯೆಂಬುದು ಮಕ್ಕಳು ದಿನವೂ ತಪ್ಪದೆ ಕೂಡುವ ಸ್ಥಳವಾಗಿದೆ. ಆದುದರಿಂದ ಶಿಕ್ಷಕ ಬಂಧುಗಳಿಗೆ ಕೈಲಾಗುವ ಮೂರು ಕೆಲಸಗಳನ್ನು ಸೂಚಿಸುವೆವು. ಒಂದು, ಪ್ರತಿದಿನ ಹತ್ತು ನಿಮಿಷ ಎಲ್ಲ ಮಕ್ಕಳೂ ಕೂಡಿ ಹಾಡಬೇಕು. ಚೆನ್ನಾಗಿ ಹಾಡುವ ಇಬ್ಬರನ್ನು ಮುಂದೆ ನಿಲ್ಲಿಸಿ ಉಳಿದವರನ್ನು ಸುಮ್ಮನಿರಿಸುವ ಪದ್ಧತಿಯು ಬೇಡ. ಎರಡು, ವಾರಕ್ಕೊಮ್ಮೆ ಒಂದೇ ಒಂದು ಹಾಡನ್ನು ಎಲ್ಲರಿಗೂ ಕೇಳುವಂತೆ ನುಡಿಸಿ, ಕೇಳಿದ ಮೇಲೆ ಅದರ ಮಾತು, ಅರ್ಥ, ಭಾವಗಳನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು. ಮೂರು, ಪ್ರತಿ ಶಾಲೆಯಲ್ಲಿ ಒಂದು ದಪ್ಪ ವಹಿಯನ್ನು ಇಡಬೇಕು. ಅದರಲ್ಲಿ ಮಕ್ಕಳು ತಮ್ಮ ಮನೆಯ, ಓಣಿಯ ಹಿರಿಯರ ಹಾಡುಗಳನ್ನು ಹೇಳಿದಂತೆಯೇ ಬರೆಯಬೇಕು. ಕನ್ನಡದ ನಡುವೆ ಮರಾಠಿ ಬಂದರೆ ಅದನ್ನು ತಿದ್ದಬಾರದು. ಹಾಡಿದವರ ಊರು, ಯಾವ ಕೆಲಸದಲ್ಲಿ ಹಾಡುತ್ತಿದ್ದರು, ಯಾರಿಂದ ಕಲಿತರು ಎಂಬುದನ್ನೂ ಬರೆಯಬೇಕು. ಅದೇ ಮೊಬೈಲಿನಲ್ಲಿ ಧ್ವನಿಯನ್ನು ಮುದ್ರಿಸಿಟ್ಟರೆ ಇನ್ನೂ ಒಳಿತು.

ವಿದ್ಯಾರ್ಥಿಗಳೇ, ಈ ಮೂರನೆಯ ಕೆಲಸವು ನಿಮ್ಮಿಂದಲೇ ಆಗಬೇಕಾದುದು. ಹಲಸಂಗಿಯ ಗೆಳೆಯರು ಸಂಗ್ರಹಕ್ಕೆ ತೊಡಗಿದಾಗ ತರುಣರಾಗಿದ್ದರು. ಅವರ ಬಳಿ ಯಾವ ಯಂತ್ರವೂ ಇರಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಹಾಡುಗಳನ್ನು ಬಲ್ಲ ಮುದುಕಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಮಳೆಗಾಲದ ರಜೆಗೆ ಮುಂಚೆ ಒಬ್ಬೊಬ್ಬ ವಿದ್ಯಾರ್ಥಿಯು ಒಂದೊಂದು ಹಾಡನ್ನು ಬರೆದು ತಂದರೂ ಸಾಕು; ಅವುಗಳಲ್ಲಿ ಆಯ್ದ ಕೆಲವನ್ನು, ಹಾಡಿದ ತಾಯಂದಿರ ಒಪ್ಪಿಗೆ ಪಡೆದು, ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಬೇಕೆಂದು ಸಂಘದ ಬಂಧುಗಳಲ್ಲಿ ನಾವು ಬಿನ್ನವಿಸಿಕೊಳ್ಳುತ್ತೇವೆ.